ಹುಲಿಯ ಒಳಹೊಲಿಗೆ

"ನೀರು ಕುಡೀತೀರಾ?" ಎಂದು ಕೇಳಿದರೆ ಹೌದು ಎಂದೋ ಬೇಡ ಎಂದೋ ಹೇಳಿ ಸುಮ್ಮನಾಗುವುದು ನಮ್ಮ ಭಾವನ ಜಾತಕದಲ್ಲೇ ಇಲ್ಲ. ನೀರಿನ ವಿಷಯವಾಗಿ ತಮಗೆ ತಿಳಿದಿರುವುದನ್ನೆಲ್ಲ ಮೊದಲು ಹೇಳುತ್ತಾರೆ, ಹೇಳಿ ಹೇಳಿ ಬಾಯಾರಿಸಿಕೊಂಡು ಆಮೇಲೆ ಕುಡಿಯುತ್ತಾರೆ. ಈ ಗುಣದಿಂದ ಅವರಿಗೆ ಅಲ್ಲಿಯವರೆಗೆ ದೊಡ್ಡ ತೊಂದರೆಯೇನೂ ಆಗಿರಲಿಲ್ಲ. ಅವರದು ಪೆನ್ನು, ನೋಟ್‌ಬುಕ್ಕಿನ ಅಂಗಡಿ. ಅಲ್ಲಿಗೆ ಬರುವ ಮಕ್ಕಳು ಭಾವನ ಮಾತು ಅರ್ಧಕ್ಕೆ ಬರುವ ಹೊತ್ತಿಗೆ ರಬ್ಬರು ಹಿಡಿದುಕೊಂಡು ಮನೆ ಸೇರಿರುತ್ತಾರೆ. ಆದರೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಒಬ್ಬ ಅಧಿಕಾರಿಯ ಮುಂದೆ ಇದೇ ಗುಣ ಏನು ಮಾಡಬಲ್ಲದು ಎಂಬುದಕ್ಕೆ ನಾನೇ ಸಾಕ್ಷಿ. ಸಾಕ್ಷಿಯಾಗುವ ಆಸೆ ನನಗಿರಲಿಲ್ಲ. ನನ್ನ ಹತ್ತಿರ ಸ್ಕೂಟರ್ ಇದೆ, ಭಾವನಿಗೆ ಓಡಿಸಲು ಬರುವುದಿಲ್ಲ, ಅಷ್ಟೇ ಕಾರಣ.

ಇದು ಶುರುವಾದದ್ದು ಶಾಲೆಯ ಪೋಷಕರ ಸಭೆಯಲ್ಲಿ. ಅಕ್ಕನ ಮಗಳು ಗುಬ್ಬಿಯ ತರಗತಿಯವರು ಒಂದು ನಾಟಕ ಆಡುವವರಿದ್ದರು. ಕಾಡಿನ ಪ್ರಾಣಿಗಳೆಲ್ಲ ಒಟ್ಟುಗೂಡಿ ಸಭೆ ನಡೆಸುವ ಕಥೆ. ಮಕ್ಕಳು ಮೂವತ್ತೆರಡು, ಆದ್ದರಿಂದ ಪ್ರಾಣಿಗಳೂ ಮೂವತ್ತೆರಡು; ಯಾವ ಮಗುವನ್ನೂ ಮರ ಮಾಡಿ ನಿಲ್ಲಿಸಕೂಡದು ಎಂದು ಪೋಷಕರು ಹಿಂದಿನ ವರ್ಷವೇ ಜಗಳವಾಡಿ ಗೆದ್ದಿದ್ದರು. ನಮ್ಮ ಗುಬ್ಬಿ ಹುಲಿ. ಹೆಡ್‌ಮಿಸ್ಸು ಡ್ರೆಸ್ಸಿನ ವಿಷಯ ಎತ್ತಿ ಭಾವನ ಕಡೆ ತಿರುಗಿದರು.

"ನಿಮ್ಮ ತಾಯಿ ಟೈಲರ್ ಅಲ್ವಾ? ಅವರ ಕೈಲೇ ಹೊಲಿಸಿಬಿಡೋಣ."

ಇದರಲ್ಲಿ ತಪ್ಪೇನಿದೆ? ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ಆ ಲೆಕ್ಕದಲ್ಲಿ ನನಗೂ ಅತ್ತೆ, ಮನೆಯ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು. ಭಾವನನ್ನು ಓದಿಸಿದ್ದು, ಅಂಗಡಿ ಹಾಕಿಕೊಟ್ಟದ್ದು ಅದೇ ಮಿಷನ್ನು. ಆದರೆ ಆವತ್ತು ಭಾವ ಕೂತಿದ್ದದ್ದು ಪೋಷಕರ ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಪಕ್ಕದಲ್ಲಿ. ಡಾಕ್ಟರು ಟೈಲರ್ ಎಂಬ ಮಾತು ಕೇಳಿ ಸುಮ್ಮನೆ ತಿರುಗಿ ನೋಡಿದರು. ಅಷ್ಟಕ್ಕೇ ಭಾವನಿಗೆ ಎಲ್ಲೋ ಚುಚ್ಚಿತು.

"ಅಮ್ಮನಿಗೆ ಈಗ ಕೈ ಆಗಲ್ಲ ಮೇಡಂ. ಅದೂ ಅಲ್ದೆ, ಮನೇಲಿ ಹೊಲಿದದ್ದು ಮನೇಲಿ ಹೊಲಿದ ಹಾಗೇ ಕಾಣುತ್ತೆ. ನಾನು ಹೊರದೇಶದಿಂದ ತರಿಸ್ತೀನಿ. ಮೂವತ್ತೆರಡೂ ನನ್ನ ಜವಾಬ್ದಾರಿ" ಎಂದರು ಭಾವ.

ಅತ್ತೆ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಕ್ಕಳ ಅಳತೆ ಬರೆದುಕೊಳ್ಳೋಣ ಎಂದು ನೋಟ್‌ಬುಕ್ಕು ತಂದಿದ್ದರು. ಅದನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ನನಗೆ ಬಹಳ ಬೇಜಾರಾಯಿತು. ಆದರೆ ಅಷ್ಟರಲ್ಲಿ ಸಭೆಯವರು ಭಾವನಿಗೆ ಚಪ್ಪಾಳೆ ತಟ್ಟತೊಡಗಿದ್ದರು, ನಾನೂ ತಟ್ಟಿದೆ.

ಮೊದಲು ಮಾದರಿಗೆಂದು ಒಂದು ಹುಲಿ ಅಂಚೆಯಲ್ಲಿ ಬಂತು. ಹೊರಗಿನಿಂದ ನೋಡಲು ಭರ್ಜರಿಯಾಗಿತ್ತು, ಪಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಅತ್ತೆ ಅದನ್ನು ದೂರದಿಂದ ಒಂದು ಸಲ ನೋಡಿ ಒಳಗೆ ಹೋದರು. ಉಳಿದ ಮೂವತ್ತೊಂದು ಪ್ರಾಣಿಗಳು ಹಡಗಿನಲ್ಲಿ ಬಂದು ಕಸ್ಟಮ್ಸ್ ಗೋದಾಮು ಸೇರಿದ್ದು ನಾಟಕದ ವಾರದ ಸೋಮವಾರ. ನಾಟಕ ಶನಿವಾರ. ಮಂಗಳವಾರ ಬೆಳಿಗ್ಗೆ ನಾನು ಕೆಲಸಕ್ಕೆ ರಜ ಹಾಕಿ ಭಾವನನ್ನು ಹಿಂದೆ ಕೂರಿಸಿಕೊಂಡು ಕಸ್ಟಮ್ಸ್ ಕಚೇರಿಗೆ ಹೋದೆ.

ಅದು ಉದ್ದನೆಯ ಹಜಾರ. ಒಂದು ಗೋಡೆಯುದ್ದಕ್ಕೂ ಪಟ್ಟಿ ಕಟ್ಟಿದ ಕಡತಗಳು, ಇನ್ನೊಂದು ಗೋಡೆಗೆ ತೂಕದ ಯಂತ್ರ. ಯಂತ್ರದ ಮೇಲೆ ಏನೂ ಇಲ್ಲದಿದ್ದರೂ ಮುಳ್ಳು ಒಂಬತ್ತು ಕಿಲೋ ತೋರಿಸುತ್ತಿತ್ತು. ಮೂರನೆಯ ಮೇಜಿನ ಅಧಿಕಾರಿಗಳದು ತೆಳ್ಳನೆಯ ಮೈ, ಮೆಲುದನಿ. ಮೇಜಿನ ಮೇಲೆ ಇಟ್ಟಿಗೆ ಗಾತ್ರದ ಸುಂಕದ ಪುಸ್ತಕ. ಅವರು ಕೆಟ್ಟವರು ಎಂದು ನಾನು ಹೇಳಿದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಎದುರಿಗಿದ್ದವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದರು, ಬೇರೆ ದೋಷವೇನೂ ಅವರಲ್ಲಿರಲಿಲ್ಲ.

"ಮಕ್ಕಳ ಪ್ರಾಣಿ ಡ್ರೆಸ್ಸು. ಇದನ್ನ ಬಟ್ಟೆ ಅಂತ ಬರ್ಕೊಳ್ಳಲಾ, ಆಟದ ಸಾಮಾನು ಅಂತ ಬರ್ಕೊಳ್ಳಲಾ?" ಎಂದು ಕೇಳಿದರು.

ಒಂದೇ ಒಂದು ಮಾತಿನಲ್ಲಿ ಮುಗಿಯುವ ಪ್ರಶ್ನೆ. ಆದರೆ ತಾವು ಸಾಗರದಾಚೆಯಿಂದ ತರಿಸಿದ ಮಾಲನ್ನು ಒಬ್ಬರು ಆಟದ ಸಾಮಾನು ಎಂದು ಕರೆಯುವುದೇ? ಭಾವನಿಗೆ ಮುಖಕ್ಕೆ ನೀರೆರಚಿದ ಹಾಗಾಯಿತು.

"ಆಟದ ಸಾಮಾನಾ? ಏನ್ ಸಾರ್ ಹೀಗಂತೀರಿ. ಒಂದನೇ ದರ್ಜೆ ಬಟ್ಟೆ ಇದು."

"ಒಗೀಬಹುದಾ?"

"ಹತ್ತು ಸಲ ಒಗೀರಿ ಸಾರ್. ಬಣ್ಣ ಬಿಟ್ರೆ ನನ್ನ ಕೇಳಿ."

"ಚಳಿಗೆ ಹಾಕ್ಕೋಬಹುದಾ?"

"ಹಿಮ ಬಿದ್ರೂ ಒಳಗೆ ಬೆವರು ಬರುತ್ತೆ."

"ಎಷ್ಟು ದಿನ ಬಾಳಿಕೆ ಬರಬಹುದು?"

"ದಿನಾನಾ? ಗುಬ್ಬಿ ಹಾಕ್ಕೊಂಡಾದ್ಮೇಲೆ ಅವಳ ಮಕ್ಕಳು ಹಾಕ್ಕೋಬಹುದು ಸಾರ್."

"ಗುಬ್ಬಿ ಅಂದ್ರೆ?"

"ನನ್ನ ಮಗಳು. ಹುಲಿ."

ಅಧಿಕಾರಿ ಅದನ್ನೂ ಬರೆದು, ಸ್ವಲ್ಪ ಯೋಚಿಸಿ ಹೊಡೆದುಹಾಕಿದರು. ಕಾಗದ ತಿರುಗಿಸಿ ಭಾವನ ಸಹಿ ಮಾಡಿಸಿಕೊಂಡರು. ಆಮೇಲೆ ಅದೇ ಮೆಲುದನಿಯಲ್ಲಿ, ಇದು ಬಟ್ಟೆ ಎಂದು ತೀರ್ಮಾನವಾಗಿದೆ, ಸುಂಕ ಬೇರೆ, ಅದಕ್ಕಿಂತ ಮುಖ್ಯವಾಗಿ ಹೊರದೇಶದ ಬಟ್ಟೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಬಿಡುವ ಹಾಗಿಲ್ಲ, ಪರೀಕ್ಷೆಗೆ ಮೂರು ವಾರ ಹಿಡಿಯುತ್ತದೆ ಎಂದರು.

"ನಾಟಕ ಈ ಶನಿವಾರ ಸಾರ್" ಎಂದರು ಭಾವ.

"ಒಳ್ಳೇದಾಗ್ಲಿ" ಎಂದರು ಅಧಿಕಾರಿ. ಮನಸಾರೆ ಹೇಳಿದರು ಎಂದೇ ನನಗನ್ನಿಸಿತು.

ಮೆಟ್ಟಿಲ ಕೆಳಗೆ ಒಂದು ಸಣ್ಣ ಮೇಜು ಹಾಕಿಕೊಂಡು ಕೂತಿದ್ದ, ಗೋದಾಮಿನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟು ನಮ್ಮ ಮುಖ ನೋಡಿಯೇ ವಿಷಯ ಊಹಿಸಿದ. ಪೂರ್ತಿ ಕೇಳಿದ ಮೇಲೆ ಪೆನ್ಸಿಲು ಕಚ್ಚುವುದನ್ನು ನಿಲ್ಲಿಸಿದ.

"ನಿಮ್ಮ ಸಾಮಾನನ್ನ ನೀವೇ ಹೊಗಳಿದ್ರಾ? ಇಲ್ಲಿ ಯಾರಾದ್ರೂ ಹೊಗಳ್ತಾರೇನ್ರೀ. ನೋಡಿ, ಅಂಚು ಮಡಚಿ ಗಟ್ಟಿಯಾಗಿ ಹೊಲಿದು, ಗುಂಡಿ ಕಾಜಾ ಹಾಕಿದ್ರೆ ಅದು ಬಟ್ಟೆ. ಒಂದಿನ ಹಾಕ್ಕೊಂಡು ಬಿಸಾಡೋ ಹಾಗೆ, ಕಾಟಾಚಾರಕ್ಕೆ ಅಂಟಿಸಿದ್ರೆ ಅದು ಆಟದ ಸಾಮಾನು. ಆಟದ ಸಾಮಾನಿಗೆ ಪರೀಕ್ಷೆ ಇಲ್ಲ, ಇವತ್ತೇ ತಗೊಂಡು ಹೋಗಬಹುದಿತ್ತು. ಮರುವಿಚಾರಣೆಗೆ ಅರ್ಜಿ ಕೊಡಿ. ಮಾದರಿ ಇದ್ರೆ ತಂದು ಮುಂದಿಟ್ಟು ಬಾಯಿಗೆ ಬಂದ ಹಾಗೆ ಬೈರಿ."

ಭಾವ ಅಲ್ಲೇ ಅರ್ಜಿ ಬರೆದರು. ಅಧಿಕಾರಿಗಳು ಮರುದಿನ ಹನ್ನೊಂದಕ್ಕೆ ಮಾದರಿಯ ಸಮೇತ ಬರಲು ಹೇಳಿದರು. ಒಂದು ಕೆಲಸ ಮಾಡಲೇಬೇಕು ಎಂದು ಭಾವ ತೀರ್ಮಾನಿಸಿಬಿಟ್ಟರೆ ಅವರನ್ನು ತಡೆಯುವುದು ಕಷ್ಟ. ಅಂದು ಸಂಜೆಯೆಲ್ಲ ಅವರು ಬೈಗುಳದ ಅಭ್ಯಾಸ ನಡೆಸಿದರು. ಊಟಕ್ಕೆ ಕೂತಾಗಲೂ, "ಯಾವುದಕ್ಕೂ ಬಾರದ್ದು. ಕೈ ಹಚ್ಚಿದ್ರೆ ಕಿತ್ತು ಬರುತ್ತೆ. ನೋಡೋಕಷ್ಟೇ ಚೆಂದ, ಒಳಗೆ ಏನೂ ಇಲ್ಲ. ಇದನ್ನ ಮನೆಗೆ ತಂದದ್ದೇ ನನ್ನ ತಪ್ಪು" ಎಂದು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. "ಡ್ರೆಸ್ಸನ್ನ ಬೈತಿದ್ದೀರೋ, ನನ್ನ ಅಡುಗೇನೋ?" ಎಂದು ಅಕ್ಕ ಕೇಳಿದಳು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬಾಗಿಲು ತಟ್ಟಿದರು. ಒಳಗೆ ಬಂದು ನಿಂತವರೇ, "ಮಧ್ಯೆ ಬಾಯಿ ಹಾಕಬಾರದು, ಆದ್ರೂ ಹೇಳ್ತೀನಿ. ಏನೇ ಆಗಿರ್ಲಿ, ಕಟ್ಕೊಂಡ ಹೆಂಡತೀನ ಹಾಗನ್ನಬಾರದು" ಎಂದರು. ಅವರನ್ನು ಸಮಾಧಾನ ಮಾಡಿ ಕಳಿಸಲು ಅಕ್ಕ ಎರಡು ಸಲ ಕಾಫಿ ಮಾಡಬೇಕಾಯಿತು.

ಈ ಗಲಾಟೆಯಲ್ಲಿ ಭಾವ ಒಂದು ಕೆಲಸ ಮರೆತರು. ಮನೆಯವರಿಗೆಲ್ಲ, ಪಕ್ಕದ ಮನೆಯವರಿಗೂ, ವಿಷಯ ಹೇಳಿದರು; ತಾಯಿಗೆ ಹೇಳಲಿಲ್ಲ. ಸಭೆಯ ದಿನದಿಂದ ಅವರಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಬುಧವಾರ ನಾನು ಅವರ ಮನೆಗೆ ಹೋಗುವಷ್ಟರಲ್ಲಿ ಹುಲಿಯನ್ನು ಯಾರೋ ಇಸ್ತ್ರಿ ಮಾಡಿ ಕಾಗದದಲ್ಲಿ ಸುತ್ತಿ ಅಚ್ಚುಕಟ್ಟಾಗಿ ಇಟ್ಟಿದ್ದರು. ಅಕ್ಕ ಇಟ್ಟಿರಬೇಕು ಎಂದುಕೊಂಡು ಭಾವ ಬಗಲಿಗೆ ಸಿಕ್ಕಿಸಿಕೊಂಡರು. ದಾರಿಯುದ್ದಕ್ಕೂ ನನ್ನ ಕಿವಿಯ ಹಿಂದೆ ಬೈಗುಳ ಒಪ್ಪಿಸುತ್ತ ಬಂದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ತನಗೇ ಬೈದರೆಂದು ಗಾಜು ಇಳಿಸಿದ.

ಮೇಜಿನ ಮುಂದೆ ನಿಂತು ಭಾವ ಪೊಟ್ಟಣ ಬಿಚ್ಚುವ ಮೊದಲೇ ಶುರು ಹಚ್ಚಿಕೊಂಡರು.

"ಸಾರ್, ನಿನ್ನೆ ನಾನು ಹೇಳಿದ್ದೆಲ್ಲ ಸುಳ್ಳು. ಇದು ಬಟ್ಟೇನೇ ಅಲ್ಲ. ಇದಕ್ಕೆ ಅಂಚಿಲ್ಲ, ಹೊಲಿಗೆ ಇಲ್ಲ, ಮಾನ ಇಲ್ಲ, ಮರ್ಯಾದೆ ಇಲ್ಲ. ಹಾಕ್ಕೊಂಡ ಮಗು ಒಂದು ಸಲ ಸೀನಿದ್ರೆ ಸಾಕು, ಹುಲಿ ಚೂರು ಚೂರು."

ಅಧಿಕಾರಿ ಬರೆದುಕೊಂಡರು. ಹುಲಿಯನ್ನು ತೆಗೆದುಕೊಂಡು ಒಳಮೈ ಹೊರಕ್ಕೆ ತಿರುಗಿಸಿದರು. ಖಾನೆಯಿಂದ ಭೂತಗನ್ನಡಿ ತೆಗೆದರು. 

"ಅಂಚು ಎರಡು ಮಡಿಕೆ ಮಡಚಿ ಹೊಲಿದಿದೆ" ಎಂದರು. ಬರೆದರು. "ಪೂರ್ತಿ ಲೈನಿಂಗ್ ಇದೆ. ಕಾಜಾ ಕೈಯಲ್ಲಿ ಮಾಡಿದ್ದು. ಎಷ್ಟು ಚೆನ್ನಾಗಿದೆ." ಅದನ್ನೂ ಬರೆದರು. "ಬಗಲು ಗಟ್ಟಿಯಾಗಿರಲಿ ಅಂತ ಬೇರೆ ತುಂಡು ಕೊಟ್ಟಿದ್ದಾರೆ. ಜೇಬಿದೆ. ಜೇಬಿನಲ್ಲಿ ಕರ್ಚೀಫಿದೆ."

ಭಾವ ಹುಲಿಯನ್ನು ನೋಡಿದರು. ನನ್ನನ್ನು ನೋಡಿದರು. ಆದರೆ ಬೈಯಲು ಶುರು ಮಾಡಿದ ಮೇಲೆ ಹಿಂದೆಗೆಯುವುದುಂಟೇ?

"ಮೇಲ್ನೋಟಕ್ಕೆ ಹಾಗೆ ಸಾರ್. ಬಾಲ ನೋಡಿ, ಈಗ ಕಿತ್ತು ತೋರಿಸ್ತೀನಿ" ಎಂದು ಬಾಲ ಹಿಡಿದು ಎಳೆದರು. ಬಾಲ ಬರಲಿಲ್ಲ. ಒಂದು ಕಾಲನ್ನು ಮೇಜಿನ ಕಾಲಿಗೆ ಊರಿ ಎಳೆದರು. ಬರಲಿಲ್ಲ. "ಆ ಕಡೆ ಹಿಡ್ಕೋ" ಎಂದು ನನಗೆ ಅಪ್ಪಣೆಯಾಯಿತು. ನಾನು ಹುಲಿಯ ಹೆಗಲು ಹಿಡಿದೆ, ಭಾವ ಬಾಲ ಹಿಡಿದರು, ಇಬ್ಬರೂ ಹಿಂದಕ್ಕೆ ವಾಲಿದೆವು. ಪಕ್ಕದ ಮೇಜಿನವರು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು. ಕೊನೆಗೆ ಭಾವನ ಕೈ ಜಾರಿ ಅವರು ತೂಕದ ಯಂತ್ರದ ಮೇಲೆ ಹೋಗಿ ಕೂತರು. ಹುಲಿಗೆ ಏನೂ ಆಗಿರಲಿಲ್ಲ.

ಅಧಿಕಾರಿ ಓದುತ್ತ ಬರೆದರು. "ಇಬ್ಬರು ವಯಸ್ಕರು ಶಕ್ತಿ ಮೀರಿ ಎಳೆದರೂ ಬಾಲ ಕಿತ್ತು ಬರಲಿಲ್ಲ."

ಆಮೇಲೆ ಅವರಿಗೇ ಏನೋ ಅನುಮಾನ ಬಂತು. ಗೋದಾಮಿನಿಂದ ಒಂದು ಪೆಟ್ಟಿಗೆ ತರಿಸಿ ಒಂದು ಮೊಲವನ್ನು ಹೊರತೆಗೆದರು. ಕಿವಿ ಹಿಡಿದು ಎತ್ತಿದರು. ಕಿವಿ ಕೈಯಲ್ಲಿ ಉಳಿಯಿತು, ಮೊಲ ಪೆಟ್ಟಿಗೆಯಲ್ಲಿ ಉಳಿಯಿತು. ಅವರು ಪೆನ್ನಿನ ಮುಚ್ಚಳ ಹಾಕಿದರು. ಇದು ಕೆಟ್ಟ ಲಕ್ಷಣ ಎಂದು ನನಗೆ ಗೊತ್ತಾಯಿತು.

"ಮಾದರಿ ಒಂಥರ, ಮಾಲು ಒಂಥರ. ನೀವು ನಿನ್ನೆ ಹೇಳಿದ್ದು ಒಂದು, ಇವತ್ತು ಹೇಳಿದ್ದು ಇನ್ನೊಂದು. ಈ ಹುಲಿ ಹೊಲಿದವರು ಯಾರು? ಅವರನ್ನ ನಾಳೆ ಹನ್ನೊಂದಕ್ಕೆ ಕರ್ಕೊಂಡು ಬನ್ನಿ. ಅವರ ಹೇಳಿಕೆ ಇಲ್ದಿದ್ರೆ ಮಾಲು ಮುಟ್ಟುಗೋಲು ಹಾಕ್ಕೋಬೇಕಾಗುತ್ತೆ."

ಹೊರಗೆ ಬಂದು ಭಾವ ಹುಲಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಮೆಟ್ಟಿಲ ಮೇಲೆ ಕೂತರು. ಕಾಜಾದ ಮೇಲೆ ಬೆರಳಾಡಿಸಿದರು. ಹೊಲಿದವರು ಯಾರು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಲೇಜು ಮುಗಿಯುವವರೆಗೆ ಅವರು ಹಾಕಿಕೊಂಡ ಒಂದೊಂದು ಅಂಗಿಯಲ್ಲೂ ಅದೇ ಕಾಜಾ ಇತ್ತು. ಬಹಳ ಹೊತ್ತು ಅವರು ಏನೂ ಮಾತಾಡಲಿಲ್ಲ, ನಾನು ಗಾಬರಿಯಾಗಿ ನೀರು ತಂದುಕೊಟ್ಟೆ. ಸುಮ್ಮನೆ ಕುಡಿದರು.

ಮನೆಗೆ ಹೋದಾಗ ಅತ್ತೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು.

"ಅಮ್ಮ, ಈ ಹೊಲಿಗೆ ನಿಂದಲ್ವಾ" ಎಂದರು ಭಾವ.

"ಕೈ ಆಗದೋಳು ಹೊಲಿಯೋದು ಹೇಗಪ್ಪ" ಎಂದರು ಅತ್ತೆ, ತಲೆ ಎತ್ತದೆ.

ತಪ್ಪಾಯಿತು ಎನ್ನಬೇಕಾದ ಜಾಗ ಅದು. ಭಾವ ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರು. ಹಲ್ಲಿನ ಡಾಕ್ಟರು ತಿರುಗಿ ನೋಡಿದ್ದು, ಹೊರದೇಶದ ಹೊಲಿಗೆಯ ಇತಿಹಾಸ, ಸುಂಕದ ಪುಸ್ತಕದ ದಪ್ಪ, ತೂಕದ ಯಂತ್ರದ ದೋಷ. ಅತ್ತೆ ಎಣ್ಣೆಯ ಡಬ್ಬಿ ಮುಚ್ಚಿ ಚಿಂದಿಯಲ್ಲಿ ಕೈ ಒರೆಸಿಕೊಂಡರು.

"ಎಷ್ಟು ಗಂಟೆಗೆ ಹೋಗಬೇಕು?"

"ಹನ್ನೊಂದಕ್ಕೆ."

"ಬರ್ತೀನಿ. ಮೂವತ್ತೆರಡು ಮಕ್ಕಳ ವಿಷಯ. ಆದ್ರೆ ಅಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ನಿನಗೋಸ್ಕರ ಒಂದೆಳೆ ದಾರದಷ್ಟೂ ಹೆಚ್ಚು ಕಡಿಮೆ ಮಾಡಲ್ಲ."

ಗುರುವಾರ ಅತ್ತೆ ನನ್ನ ಸ್ಕೂಟರಿನಲ್ಲಿ ಬಂದರು, ಭಾವ ಬಸ್ಸಿನಲ್ಲಿ ಬಂದರು. ಅಧಿಕಾರಿ ಎದ್ದು ಅತ್ತೆಗೆ ಕುರ್ಚಿ ಕೊಟ್ಟರು. ಭಾವನಿಗೆ ಕೊಡಲಿಲ್ಲ.

"ಈ ಹುಲಿ ಹೊಲಿದದ್ದು ನೀವಾ?"

"ಹೊಲಿದು ಬಂದಿತ್ತು, ನಾನು ಬಿಚ್ಚಿ ಮತ್ತೆ ಹೊಲಿದೆ. ನಾಳೆ ಸರ್ಕಾರಕ್ಕೆ ತೋರಿಸ್ತಾರಂತೆ ಅಂದ್ಲು ಮೊಮ್ಮಗಳು. ನೋಡಿದ್ರೆ ಅಂಚು ಜೋತಾಡ್ತಿತ್ತು. ನಮ್ಮನೆಯಿಂದ ಯಾವ ಬಟ್ಟೇನೂ ಹಾಗೆ ಹೊರಗೆ ಹೋಗಿಲ್ಲ. ರಾತ್ರಿ ಕೂತು ಕಾಜಾ, ಲೈನಿಂಗ್ ಎಲ್ಲ ಕೈಯಲ್ಲಿ ಮಾಡ್ದೆ, ಬೆಳಿಗ್ಗೆ ಇವನು ವಾಕಿಂಗ್ ಹೋದಾಗ ಮಿಷನ್ನಲ್ಲಿ ಮುಗಿಸ್ದೆ."

"ಜೇಬು ಯಾಕೆ?"

"ಅವಳಿಗೆ ನೆಗಡಿ. ಹುಲಿ ಆದ್ರೆ ಮೂಗು ಸೋರಲ್ವಾ?"

ಅಧಿಕಾರಿ ಇದನ್ನು ಬರೆದುಕೊಂಡು ಪೆಟ್ಟಿಗೆಯನ್ನು ಅತ್ತೆಯ ಮುಂದಕ್ಕೆ ತಳ್ಳಿದರು. "ಹಾಗಾದ್ರೆ ಇವುಗಳನ್ನ ನೋಡಿ ಹೇಳಿ. ಇವು ಬಟ್ಟೆನಾ?"

ಅತ್ತೆ ಕನ್ನಡಕ ಹಾಕಿಕೊಂಡರು. ಚೀಲದಿಂದ ಅಳತೆಯ ಟೇಪು ತೆಗೆದರು. ಒಂದು ಕರಡಿಯನ್ನು ಎತ್ತಿ ಒಳಮೈ ಹೊರಕ್ಕೆ ಮಾಡಿದರು. ನಲವತ್ತು ವರ್ಷದ ಕೆಲಸ ಅವರ ಬೆರಳಿನಲ್ಲಿ ಓಡಾಡುವುದನ್ನು ನಾನು ಆವತ್ತೇ ಮೊದಲು ಗಮನವಿಟ್ಟು ನೋಡಿದ್ದು.

"ಇಂಚಿಗೆ ನಾಲ್ಕು ಹೊಲಿಗೆ. ಗೋಣಿಚೀಲಕ್ಕೂ ಇದಕ್ಕಿಂತ ಹೆಚ್ಚು ಹಾಕ್ತಾರೆ. ಅಂಚು ಮಡಚಿಲ್ಲ, ಕತ್ತರಿಸಿ ಬಿಟ್ಟಿದ್ದಾರೆ. ಬಾಲಕ್ಕೆ ಹೊಲಿಗೇನೇ ಇಲ್ಲ, ಗೋಂದು. ಬಗಲಲ್ಲಿ ಜಾಗಾನೇ ಬಿಟ್ಟಿಲ್ಲ, ಮಗು ಕೈ ಎತ್ತಿದ್ರೆ ಕರಡಿ ಎರಡಾಗುತ್ತೆ. ಇದನ್ನ ಯಾರು ಆರಿಸಿದ್ರೋ ಅವರು ಒಳಗಡೆ ತಿರುಗಿಸಿ ನೋಡೇ ಇಲ್ಲ."

ಆರಿಸಿದವರು ಗೋಡೆಯ ಕಡತಗಳನ್ನು ಎಣಿಸುತ್ತ ನಿಂತಿದ್ದರು. ಅತ್ತೆ ನರಿ, ಜಿಂಕೆ, ಆನೆ, ಒಂದನ್ನೂ ಬಿಡಲಿಲ್ಲ. ಭಾವ ಒಂದು ಸಂಜೆ ಪೂರ್ತಿ ಅಭ್ಯಾಸ ಮಾಡಿದ ಬೈಗುಳವೆಲ್ಲ ಅತ್ತೆಯ ಈ ತಣ್ಣನೆಯ ಮಾತಿನ ಮುಂದೆ ಏನೂ ಅಲ್ಲ. ಪಕ್ಕದ ಮೇಜುಗಳವರು ತಮ್ಮ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಅವರಲ್ಲೊಬ್ಬರು ಮೆಲ್ಲಗೆ ತಮ್ಮ ಅಂಗಿಯ ತೋಳು ತಿರುಗಿಸಿ ಒಳಗಡೆ ನೋಡಿಕೊಂಡರು.

"ಅಮ್ಮ, ನಿಮ್ಮ ಪ್ರಕಾರ ಬಟ್ಟೆ ಅಂದ್ರೆ ಏನು?" ಎಂದು ಕೇಳಿದರು ಅಧಿಕಾರಿ. ಇಟ್ಟಿಗೆ ಗಾತ್ರದ ಪುಸ್ತಕವನ್ನು ಪಕ್ಕಕ್ಕೆ ಸರಿಸಿಯೇ ಕೇಳಿದರು.

ಅತ್ತೆ ಯೋಚಿಸಿದರು. "ಹಾಕ್ಕೊಂಡವರು ಅದನ್ನ ಮರೆತು ಓಡಾಡ್ಕೊಂಡಿರಬೇಕು ಸಾರ್. ಅದು ಬಟ್ಟೆ. ಇದನ್ನ ಹಾಕ್ಕೊಂಡ ಮಗು ಹೆಜ್ಜೆ ಹೆಜ್ಜೆಗೂ ಇದನ್ನೇ ನೆನೆಸ್ಕೊಳ್ತಿರಬೇಕಾಗುತ್ತೆ. ಇದು ಬಟ್ಟೆ ಅಲ್ಲ."

ಅಧಿಕಾರಿ ಇದನ್ನು ತಕ್ಷಣ ಬರೆದುಕೊಳ್ಳಲಿಲ್ಲ. ಹೊಸ ಹಾಳೆ ತೆಗೆದು ನಿಧಾನವಾಗಿ ಬರೆದರು. ಸಂಜೆ ನಾಲ್ಕಕ್ಕೆ ಆದೇಶ ಕೈಗೆ ಬಂತು. ಮೂವತ್ತೊಂದು ಪ್ರಾಣಿಗಳು ಆಟದ ಸಾಮಾನು. ಹುಲಿ ಬಟ್ಟೆ, ಆದರೆ ಅದು ಬಟ್ಟೆಯಾದದ್ದು ಇಲ್ಲಿಗೆ ಬಂದ ಮೇಲೆ, ಆದ್ದರಿಂದ ಅದಕ್ಕೆ ಸುಂಕವಿಲ್ಲ.

ಭಾವನಿಗೆ ಮತ್ತೆ ಜೀವ ಬಂತು. ಶುಕ್ರವಾರ ಬೆಳಿಗ್ಗೆ ಅವರು ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ನೇರ ಶಾಲೆಗೆ ಹೋದರು. ಪೆಟ್ಟಿಗೆ ಕೊಟ್ಟು ಬಂದಿದ್ದರೆ ಆಗುತ್ತಿತ್ತು. ಆದರೆ ಸರ್ಕಾರದ ಜೊತೆ ಹೋರಾಡಿ ಗೆದ್ದ ಕಥೆಯನ್ನು ಪೂರ್ತಿ ಹೇಳಿ, ನಂಬಿಕೆಗೆ ಇರಲಿ ಎಂದು ಆದೇಶವನ್ನೂ ಹೆಡ್‌ಮಿಸ್ಸಿನ ಕೈಗೆ ಕೊಟ್ಟರು. ಆಕೆ ಅದನ್ನು ಓದಿದರು. ಕೆಳಗಿನ ಮೊಹರನ್ನೂ ಓದಿದರು.

"ಅನುಭವಿ ದರ್ಜಿಯವರ ಹೇಳಿಕೆಯಂತೆ ಇವು ಧರಿಸುವ ಬಟ್ಟೆಗಳಲ್ಲ, ಮಗು ಕೈ ಎತ್ತಿದರೆ ಹರಿಯುತ್ತವೆ ಅಂತ ಬರೆದಿದೆಯಲ್ಲ ಸಾರ್."

"ಅದೇ ಮೇಡಂ ನಮ್ಮ ಗೆಲುವು."

"ನಾಟಕ ಏನು ಅಂತ ಗೊತ್ತಲ್ಲ ನಿಮಗೆ? ಸಭೆ. ಹದಿನಾಲ್ಕು ನಿರ್ಣಯ ಇದೆ. ಪ್ರತಿಯೊಂದಕ್ಕೂ ಮೂವತ್ತೆರಡು ಪ್ರಾಣಿಗಳೂ ಕೈ ಎತ್ತಿ ಮತ ಹಾಕಬೇಕು." ಹೆಡ್‌ಮಿಸ್ಸು ಆದೇಶವನ್ನು ಮಡಚಿ ವಾಪಸು ಕೊಟ್ಟರು. "ಇದನ್ನ ನಾನು ಓದದೇ ಇದ್ರೆ ಬೇರೆ. ಓದಿದ್ಮೇಲೆ ಮಕ್ಕಳಿಗೆ ಹೇಗೆ ತೊಡಿಸ್ಲಿ."

ಪೆಟ್ಟಿಗೆಗಳು ಅದೇ ಆಟೋದಲ್ಲಿ ಮನೆಗೆ ಬಂದವು. ಭಾವ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಅತ್ತೆ ಪೆಟ್ಟಿಗೆಗಳನ್ನು ನೋಡಿದರು, ಮಗನ ಮುಖ ನೋಡಿದರು.  ಚೀಲದಿಂದ ನೋಟ್‌ಬುಕ್ಕು ತೆಗೆದು ನನ್ನ ಕೈಗೆ ಕೊಟ್ಟು, "ಶಾಲೆಗೆ ಹೋಗಿ ಮೂವತ್ತೊಂದು ಮಕ್ಕಳ ಎದೆ ಅಳತೆ, ತೋಳಿನ ಅಳತೆ ಬರ್ಕೊಂಡು ಬಾ. ಮಧ್ಯಾಹ್ನದೊಳಗೆ ಬೇಕು" ಎಂದರು.

ಹಟ ಎಂದರೆ ಏನೆಂದು ಆ ಒಂದೂವರೆ ದಿನ ನಾನು ಕಂಡೆ. ಮಿಷನ್ನು ನಿಲ್ಲಲೇ ಇಲ್ಲ. ಅಕ್ಕ ಪೆಟ್ಟಿಗೆಯ ಡ್ರೆಸ್ಸುಗಳನ್ನೆಲ್ಲ ಬಿಚ್ಚಿ ಅಳತೆಗೆ ಕತ್ತರಿಸಿದಳು, ಗುಮಾಸ್ತರ ಹೆಂಡತಿ ಇಸ್ತ್ರಿ ಮಾಡಿದರು, ಗುಮಾಸ್ತರು ಪ್ರಾಣಿಗಳ ಪಟ್ಟಿ ಹಿಡಿದು ಟಿಕ್ಕು ಹಾಕಿದರು. ಸುದ್ದಿ ಕೇಳಿ ತನಿಖೆಗೆಂದು ಬಂದ ಹಲ್ಲಿನ ಡಾಕ್ಟರನ್ನು ಅತ್ತೆ ನಿಂತ ಕಾಲಿನಲ್ಲೇ, "ನೀವು ವಸಡು ಹೊಲೀತೀರಲ್ವಾ? ಕೂತ್ಕೊಳ್ಳಿ, ಕಿವಿಗಳೆಲ್ಲ ನಿಮಗೆ" ಎಂದು ಕೂರಿಸಿದರು. ಡಾಕ್ಟರು ಬಹಳ ಚೆನ್ನಾಗಿ ಹೊಲಿದರು. ಅಭ್ಯಾಸಬಲದಿಂದ ಮೊಲಕ್ಕೆ ನೋವಾಯಿತೇ ಎಂದು ನಡುನಡುವೆ ಕೇಳುತ್ತಿದ್ದ ಹಾಗೆ ಕಂಡಿತು. ಭಾವನಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಸಿಕ್ಕಿತು. ಅವರು ಬಾಯಿ ಬಿಟ್ಟಾಗಲೆಲ್ಲ ಎಲ್ಲರಿಗೂ ಲೆಕ್ಕ ತಪ್ಪುತ್ತಿದ್ದುದರಿಂದ ಮಾತಾಡಕೂಡದು ಎಂದು ಅಪ್ಪಣೆಯಾಗಿತ್ತು. ಅವರು ಪಾಲಿಸಿದರು.

ಶನಿವಾರ ಸಂಜೆ ಮೂವತ್ತೆರಡು ಪ್ರಾಣಿಗಳು ವೇದಿಕೆಗೆ ಬಂದವು. ಹದಿನಾಲ್ಕು ಸಲ ಅರವತ್ತನಾಲ್ಕು ಕೈಗಳು ಮೇಲೆದ್ದವು, ಏಕೆಂದರೆ ಉತ್ಸಾಹದಲ್ಲಿ ಎಲ್ಲರೂ ಎರಡೂ ಕೈ ಎತ್ತಿದರು. ಒಂದು ಎಳೆಯೂ ಬಿಚ್ಚಲಿಲ್ಲ. ಮಕ್ಕಳು ತಾವು ಏನು ತೊಟ್ಟಿದ್ದೇವೆ ಎಂಬುದನ್ನೇ ಮರೆತು ಕುಣಿದರು. ಕೊನೆಯಲ್ಲಿ ಹೆಡ್‌ಮಿಸ್ಸು ಮೈಕಿನಲ್ಲಿ ವಂದನೆ ಹೇಳುತ್ತ ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿ ಓದಿದರು. ಹೊರದೇಶದಿಂದ ಉಡುಪುಗಳನ್ನು ತರಿಸಿಕೊಟ್ಟವರಿಗೆ ಒಂದು ಚಪ್ಪಾಳೆ, ಎಂದರು. ಭಾವ ಎದ್ದು ನಿಂತರು. ಈಗ ಹೇಳುತ್ತಾರೆ ಎಂದು ನಾನು ಕಾದೆ. ಎಷ್ಟು ಮಾತಾಡಿದರೂ ಸಾಲದ ಮನುಷ್ಯ, ಆವತ್ತು ಕೈ ಮುಗಿದು ಕೂತುಬಿಟ್ಟರು. ಹಿಂದಿನ ಸಾಲಿನಲ್ಲಿ ಅತ್ತೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂತು, ಆ ರಾತ್ರಿ ಭಾವನನ್ನು ನಾನು ಸ್ಕೂಟರಿನಲ್ಲಿ ಮನೆಗೆ ಕರೆದುಕೊಂಡು ಹೋಗಲಿಲ್ಲ.

ಹತ್ತು ದಿನ ಕಳೆದು ಕಸ್ಟಮ್ಸ್ ಕಚೇರಿಯಿಂದ ಒಂದು ಲಕೋಟೆ ಬಂತು. ಭಾವ ಅದನ್ನು ಒಡೆಯಲು ಹೆದರಿ ನನ್ನನ್ನು ಕರೆಸಿದರು. ಪತ್ರ ಅವರಿಗಲ್ಲ, ಅತ್ತೆಗೆ. ಬೊಂಬೆಗಳಿಗೆ ತೊಡಿಸುವ ಅಂಗಿಗಳ ಬಗ್ಗೆ ಒಂದು ವಿವಾದ ಎದ್ದಿದೆ, ಪರಿಣತರಾಗಿ ತಾವು ದಯವಿಟ್ಟು ಬಂದು ಅಭಿಪ್ರಾಯ ಕೊಡಬೇಕು ಎಂದಿತ್ತು. ಅತ್ತೆ ಪತ್ರವನ್ನು ಎರಡು ಸಲ ಓದಿಸಿಕೊಂಡು, ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದರು. ಈ ಸಲ ಭಾವ ಯಾರೂ ಹೇಳದೆಯೇ ಬಸ್ಸು ಹತ್ತಿ ನಮಗಿಂತ ಮೊದಲೇ ಹೋಗಿ ನಿಂತಿದ್ದರು.

ನಮ್ಮನ್ನು ಒಳಗೆ ಬಿಡಲಿಲ್ಲ. ವರಾಂಡದ ಬೆಂಚಿನಲ್ಲಿ ಇಬ್ಬರೂ ಒಂದು ಗಂಟೆ ಕೂತೆವು. ಒಳಗಿನಿಂದ ಅತ್ತೆಯ ಧ್ವನಿ ಆಗೀಗ ಕೇಳುತ್ತಿತ್ತು, ಭಾವ ಕಿವಿಗೊಟ್ಟು ಕೇಳುತ್ತಿದ್ದರು. ಕೊನೆಗೆ ಬಾಗಿಲು ತೆರೆದು, ಒಳ್ಳೆಯ ಕೋಟು ಹಾಕಿದ ಒಬ್ಬ ವ್ಯಾಪಾರಿ ಸೋತ ಮುಖ ಹೊತ್ತು ಹೊರಬಂದರು. ಅವರ ಕೈಯಲ್ಲಿ ಒಂದು ಪುಟ್ಟ ಅಂಗಿ ಒಳಮೈ ಹೊರಕ್ಕಾಗಿ ನೇತಾಡುತ್ತಿತ್ತು.

"ಹೊರದೇಶದ ಮಾಲು ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ಯಾರ್ರೀ ಒಳಗಿರೋ ಆ ಹೆಂಗಸು?" ಎಂದರು ನಮ್ಮ ಕಡೆ ನೋಡಿ.

ಭಾವ ಎದ್ದು ನಿಂತರು. ವರಾಂಡದಲ್ಲಿ ಮೆಟ್ಟಿಲ ಕೆಳಗಿನ ಏಜೆಂಟು ಸೇರಿ ಹದಿನೈದು ಜನರಾದರೂ ಇದ್ದರು. ಇಷ್ಟುದ್ದದ ಭಾಷಣಕ್ಕೆ ನಾನು ಸಿದ್ಧನಾದೆ.

"ನಮ್ಮಮ್ಮ. ಟೈಲರ್" ಎಂದರು ಭಾವ, ಎಲ್ಲರಿಗೂ ಕೇಳುವ ಹಾಗೆ. "ಮುಂದಿನ ಸಲ ಹೊರಗಿಂದ ತರಿಸೋಕೆ ಹೋಗ್ಬೇಡಿ. ಅವರ ಹತ್ರ ಹೊಲಿಸ್ಕೊಳ್ಳಿ."

ಅಷ್ಟು ಹೇಳಿ ನಿಲ್ಲಿಸಿದರು. ಅತ್ತೆ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒರೆಸಿ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅದನ್ನು ಹಾಕಿಕೊಂಡು ಮಗನ ಕಡೆ ತಿರುಗಿದರು.

"ಹದಿನೈದು ದಿನ ಮುಂಚೆ ಹೇಳ್ಬೇಕು ಅಂತಾನೂ ಹೇಳು."